ಪ್ರಶ್ನೋತ್ತರ: ಹೊಳೆಯಲ್ಲಿ ಪಚ್ಚಿಲೆ, ಕಲ್ವ, ಮರುವಾಯಿ

ಈ ಸಲದ ಅಂಚೆಯಲ್ಲಿ ಚಿಪ್ಪು ಕೃಷಿಯ ಪ್ರಶ್ನೆಗಳೇ ಹೆಚ್ಚು. ಒಂದೇ ಬಗೆಯವನ್ನು ಕೂಡಿಸಿ ಉತ್ತರಿಸಿದ್ದೇವೆ. ಊರಿಗೊಂದು ಹೆಸರಿರುವುದರಿಂದ ಮೊದಲೇ ಹೇಳಿಬಿಡುತ್ತೇವೆ: ಇಲ್ಲಿ ಪಚ್ಚಿಲೆ ಎಂದರೆ ಬಂಡೆಗೆ ನಾರು ಬಿಟ್ಟು ಅಂಟಿಕೊಳ್ಳುವ, ಹಸಿರಂಚಿನ ಉದ್ದ ಚಿಪ್ಪು; ಕೆಲವರು ನೀಲಿಕಲ್ಲು ಅನ್ನುತ್ತಾರೆ. ಕಲ್ವ ಎಂದರೆ ಗಾರೆ ಹಾಕಿದ ಹಾಗೆ ಕಲ್ಲಿಗೆ ಕಚ್ಚಿ ಕೂರುವ ಒರಟು ಸಿಂಪಿ. ಮರುವಾಯಿ ಎಂದರೆ ಹೊಳೆಯ ಮರಳು, ಕೆಸರಿನಲ್ಲಿ ಹುದುಗಿರುವ ಚಿಪ್ಪು.

ನಾವು ಹತ್ತು ಮಂದಿ ಹೆಂಗಸರ ಸ್ವಸಹಾಯ ಸಂಘದವರು. ಶಾಂಭವಿ ಹೊಳೆಯ ಬದಿಯಲ್ಲೇ ಮನೆ. ಪಚ್ಚಿಲೆ ಬೆಳೆಸುವ ಆಸೆಯಿದೆ. ನಮ್ಮ ಹೊಳೆಗೆ ಆಗಬಹುದೇ? ಎಷ್ಟು ಬಂಡವಾಳ ಬೇಕು?
— ಓದುಗರು, ಹೆಜಮಾಡಿ

ಬಂಡವಾಳದ ಮಾತು ಆಮೇಲೆ, ಮೊದಲು ಉಪ್ಪು ನೋಡಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಪಚ್ಚಿಲೆ ಚೆನ್ನಾಗಿ ಬೆಳೆಯುವುದು 27ರಿಂದ 35 ಗ್ರಾಂ ಇರುವಲ್ಲಿ. 20ರವರೆಗೆ ತಾಳಿಕೊಳ್ಳುತ್ತದೆ. ಅದಕ್ಕೂ ಕೆಳಗಿಳಿದರೆ ಚಿಪ್ಪು ಮುಚ್ಚಿ ಕೂರುತ್ತದೆ, ತಿನ್ನುವುದಿಲ್ಲ. ಹಾಗೇ ದಿನಗಟ್ಟಲೆ ಆದರೆ ಸಾಯುತ್ತದೆ. ಮಳೆಗಾಲದಲ್ಲಿ ನಮ್ಮ ಹೊಳೆಗಳೆಲ್ಲ ಅಳಿವೆ ಬಾಗಿಲವರೆಗೂ ಸಪ್ಪೆಯಾಗುತ್ತವೆ. ಹಾಗಾಗಿ ಇಲ್ಲಿ ಇದು ವರ್ಷವಿಡೀ ಮಾಡುವ ಕೃಷಿಯಲ್ಲ. ದೀಪಾವಳಿ ಕಳೆದ ಮೇಲೆ ಮರಿ ಕೂರಿಸಿದ ಹಗ್ಗ ಇಳಿಸಿ ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ, ಎತ್ತಿಬಿಡಬೇಕು. ಕೈಯಲ್ಲಿರುವುದು ಐದರಿಂದ ಆರು ತಿಂಗಳು ಮಾತ್ರ.

ಉಪ್ಪು ಅಳೆಯಲು ರಿಫ್ರಾಕ್ಟೋಮೀಟರ್ ಎಂಬ ಕೈಗಾತ್ರದ ದುರ್ಬೀನಿನಂಥ ಸಾಧನ ಸಿಗುತ್ತದೆ. ಒಂದು ಹನಿ ನೀರು ಹಾಕಿ ಬೆಳಕಿಗೆ ಹಿಡಿದರೆ ಅಂಕಿ ಕಾಣುತ್ತದೆ. ಸಂಘಕ್ಕೆ ಒಂದಿದ್ದರೆ ಸಾಕು. ಬಹಳ ಮಂದಿ ಉಬ್ಬರದ ಹೊತ್ತಿನಲ್ಲಿ, ಮೇಲಿನ ನೀರನ್ನು ಮಾತ್ರ ಅಳೆದು ಮೋಸ ಹೋಗುತ್ತಾರೆ. ಅಳೆಯಬೇಕಾದದ್ದು ಇಳಿತ ಮುಗಿಯುವ ಹೊತ್ತಿಗೆ, ಏಕೆಂದರೆ ಆಗ ಹೊಳೆಯ ಉಪ್ಪು ಅತಿ ಕಡಿಮೆ. ಸಿಹಿನೀರು ಹಗುರ, ಮೇಲೆ ತೇಲುತ್ತದೆ. ಆದ್ದರಿಂದ ತಳದ ನೀರನ್ನೂ ನೋಡಬೇಕು. ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ ಇಳಿಸಿ. ತಳ ಮುಟ್ಟಿದ ಮೇಲೆ ಬಿರಡೆ ಎಳೆದರೆ ತಳದ ನೀರೇ ತುಂಬುತ್ತದೆ. ಅಕ್ಟೋಬರಿನಿಂದ ಮೇವರೆಗೆ ಹದಿನೈದು ದಿನಕ್ಕೊಮ್ಮೆ ಹೀಗೆ ಬರೆದಿಡಿ. ಒಂದು ವರ್ಷದ ಈ ಪುಸ್ತಕವಿದ್ದರೆ ಯಾವ ಕಚೇರಿಯಲ್ಲೂ ನಿಮ್ಮ ಮಾತಿಗೆ ತೂಕ ಬರುತ್ತದೆ.

ಮೇಲ್ದಂಡೆಯಲ್ಲಿ ಕಿಂಡಿ ಅಣೆಕಟ್ಟು ಇದೆಯೇ ಎಂದೂ ವಿಚಾರಿಸಿ. ಹಲಗೆ ತೆಗೆಯುವ ದಿನ ಕಟ್ಟಿಟ್ಟ ಸಿಹಿನೀರು ಒಮ್ಮೆಗೇ ಇಳಿಯುತ್ತದೆ. ಆ ದಿನಾಂಕ ಗೊತ್ತಿಲ್ಲದೆ ಕೊಯ್ಲಿನ ದಿನ ಗೊತ್ತುಮಾಡಬೇಡಿ.

ಜಾಗದ ವಿಚಾರ: ಅತಿ ಇಳಿತದಲ್ಲೂ ಒಂದೂವರೆ ಮೀಟರ್ ನೀರು ನಿಲ್ಲಬೇಕು. ನೀರು ಹರಿಯುತ್ತಿರಬೇಕು, ಆದರೆ ಅಲೆಯ ಹೊಡೆತ ಇರಬಾರದು. ಕುದ್ರುವಿನ (ಹೊಳೆ ನಡುವಿನ ದ್ವೀಪದ) ಮರೆ ಒಳ್ಳೆಯದು. ದೋಣಿಯ ದಾರಿ, ಬಲೆ ಬೀಸುವ ಜಾಗ, ಮರಳು ತೆಗೆಯುವ ಜಾಗ, ಪೇಟೆಯ ಚರಂಡಿ ಬಂದು ಸೇರುವ ಜಾಗ, ಇವು ನಾಲ್ಕನ್ನೂ ಬಿಟ್ಟುಬಿಡಿ.

ಇನ್ನು ಹಣ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಚಿಪ್ಪು ಕೃಷಿಯೂ ಸೇರಿದೆ. ಘಟಕ ವೆಚ್ಚದ ಮೇಲೆ ಸಾಮಾನ್ಯ ವರ್ಗದವರಿಗೆ ಶೇ. 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇ. 60 ಸಹಾಯಧನ. ಈ ವರ್ಷ ಅರ್ಜಿ ಕರೆದಿದ್ದಾರೆಯೇ ಎಂದು ತಾಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಕೇಳಿ. ಸಹಾಯಧನವನ್ನು ನಂಬಿ ಕಂಬ ಊರಬೇಡಿ, ಅದು ಬಂದಾಗ ಬಂತು. ಮೊದಲ ವರ್ಷ ಹಗ್ಗ ತೂಗಿಸುವ ಕಂಬದ ಚಪ್ಪರ ಒಂದೇ ಸಾಕು. ಅದಕ್ಕೂ ಮೊದಲು ಡಿಸೆಂಬರಿನಲ್ಲಿ ನಿಮ್ಮಲ್ಲಿ ನಾಲ್ವರು ರೈಲಿನಲ್ಲಿ ಚೆರುವತ್ತೂರಿಗೆ ಹೋಗಿ, ಹತ್ತಿರದ ಪಡನ್ನದಲ್ಲಿ ಹಗ್ಗ ಹೊಲಿಯುವುದನ್ನು ನೋಡಿ ಬನ್ನಿ. ಕಾಸರಗೋಡು ಜಿಲ್ಲೆಯ ಆ ಹಿನ್ನೀರಿನಲ್ಲಿ 1990ರ ದಶಕದ ಕೊನೆಯಿಂದ ಹೆಂಗಸರ ಗುಂಪುಗಳೇ ಈ ಕೃಷಿಯನ್ನು ನಡೆಸಿಕೊಂಡು ಬಂದಿವೆ.

ಚಪ್ಪರ ಕಟ್ಟುವುದು, ಹಗ್ಗಕ್ಕೆ ಮರಿ ಕೂರಿಸುವುದು ಹೇಗೆ? ಅಳತೆ ಸಹಿತ ತಿಳಿಸಿ.
— ಓದುಗರು, ಸಸಿಹಿತ್ಲು. ಇದೇ ಪ್ರಶ್ನೆ ಉಪ್ಪುಂದ ಮತ್ತು ಕೋಡಿಯಿಂದಲೂ

5 ಮೀಟರ್ ಉದ್ದ, 5 ಮೀಟರ್ ಅಗಲದ ಒಂದು ಚಪ್ಪರದ ಲೆಕ್ಕ ಹೇಳುತ್ತೇವೆ. ಒಂದೂಕಾಲು ಮೀಟರಿಗೆ ಒಂದರಂತೆ ಐದೈದು ಸಾಲಿನಲ್ಲಿ 25 ಕಂಬ. ಗಾಳಿಮರದ್ದಾಗಲಿ ಗಟ್ಟಿ ಬಿದಿರಾಗಲಿ ಆದೀತು. ಕೆಸರಿನೊಳಗೆ ಒಂದು ಮೀಟರ್ ಇಳಿಯಬೇಕು. ನೀರು ಒಂದೂವರೆ ಮೀಟರ್ ಇದ್ದರೆ ಮೂರು ಮೀಟರಿನ ಕಂಬ ಸಾಕಾಗುತ್ತದೆ. ನಾಲ್ಕು ಮೂಲೆಯವು ಮಾತ್ರ ಐದು ಮೀಟರ್ ಇರಲಿ. ಉಬ್ಬರದಲ್ಲೂ ಮೇಲೆ ಕಾಣುವ ಹಾಗೆ ಅವಕ್ಕೆ ಕೆಂಪು ಬಟ್ಟೆ ಕಟ್ಟಿ. ರಾತ್ರಿ ದೋಣಿ ಬಂದು ಗುದ್ದಿದರೆ ಚಪ್ಪರವೂ ಹೋಗುತ್ತದೆ, ನೆರೆಯವರ ಜೊತೆಗಿನ ಮಾತೂ ಹೋಗುತ್ತದೆ. ಇಳಿತದ ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ ಐದು ಅಡ್ಡಗಳ (ಅಡ್ಡ ಕಟ್ಟುವ ಕೋಲು), ಅವು ಕದಲದಂತೆ ಕೆಳಗಿನಿಂದ ಐದು ಉದ್ದಗಳ ಕಟ್ಟಿ. ಕಟ್ಟುವುದು ನೈಲಾನ್ ಹಗ್ಗದಲ್ಲೇ. ಕಬ್ಬಿಣದ ತಂತಿ ಫೆಬ್ರುವರಿಗೆಲ್ಲ ತುಕ್ಕು ತಿಂದು ತುಂಡಾಗುತ್ತದೆ.

ಒಂದೊಂದು ಅಡ್ಡಗಳಕ್ಕೆ ಕಾಲು ಮೀಟರಿಗೆ ಒಂದರಂತೆ 20 ಹಗ್ಗ, ಒಟ್ಟು 100. ಹಗ್ಗ 12ರಿಂದ 14 ಮಿ.ಮೀ. ದಪ್ಪದ್ದು. ನುಣುಪಾದ ಹೊಸ ಹಗ್ಗಕ್ಕಿಂತ ಬಳಸಿ ಒರಟಾದ ಹಳೆಯ ನೈಲಾನ್ ಹಗ್ಗ ಮೇಲು, ನಾರು ಬೇಗ ಹಿಡಿಯುತ್ತದೆ. ಮರಿ ಕೂರಿಸುವ ಭಾಗ ಒಂದು ಮೀಟರ್. ಅದರ ಮೇಲೆ ಕಟ್ಟಲಿಕ್ಕೆಂದು ಬಿಡುವ ಬಾಲ ಎಷ್ಟಿರಬೇಕೆಂದರೆ, ಅತಿ ಇಳಿತದಲ್ಲೂ ಮರಿ ನೀರಿನಿಂದ ಮೇಲೆ ಬರಬಾರದು, ಹಗ್ಗದ ತುದಿ ತಳದಿಂದ ಒಂದಡಿಗಿಂತ ಹೆಚ್ಚು ಮೇಲಿರಬೇಕು. ತುದಿ ಕೆಸರು ಮುಟ್ಟಿದರೆ ಏಡಿಗೆ ಏಣಿ ಇಟ್ಟುಕೊಟ್ಟ ಹಾಗೆ. ಬೆಳೆದು ಭಾರವಾದ ಗೊಂಚಲು ಕೆಳಕ್ಕೆ ಜಾರದಂತೆ ಹಗ್ಗದ ಎಳೆಗಳ ನಡುವೆ ಕಾಲು ಮೀಟರಿಗೊಂದರಂತೆ ಬಿದಿರಿನ ಕಡ್ಡಿ ಅಡ್ಡ ತೂರಿಸಿ. ಈ ಕೆಲಸವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಮಾರ್ಚಿನಲ್ಲಿ ಪಶ್ಚಾತ್ತಾಪ ಪಡುತ್ತಾರೆ.

ಮರಿ 15ರಿಂದ 25 ಮಿ.ಮೀ. ಇರಲಿ, ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಮೀಟರಿಗೆ 500ರಿಂದ 750 ಗ್ರಾಂ. ನೂರು ಹಗ್ಗಕ್ಕೆ 60 ಕಿಲೋ ತಂದರೆ ಸರಿಹೋಗುತ್ತದೆ. ಹೆಚ್ಚು ತುಂಬಿದರೆ ಹೆಚ್ಚು ಬೆಳೆ ಬಂದೀತೆಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಳಗಿನವಕ್ಕೆ ಆಹಾರ ಸಿಗದೆ ಸಾಯುತ್ತವೆ, ಅವುಗಳ ಹಿಡಿತ ತಪ್ಪಿದಾಗ ಹೊರಗಿನವೂ ಜೊತೆಗೇ ಉದುರುತ್ತವೆ.

ಕೂರಿಸುವ ಬಗೆ: ಮರಿಯನ್ನು ಹೊಳೆಯ ನೀರಲ್ಲೇ ತೊಳೆದು, ಬಾಯಿ ತೆರೆದವನ್ನೂ ಒಡೆದವನ್ನೂ ಆರಿಸಿ ತೆಗೆಯಿರಿ. ಒಂದು ಸತ್ತ ಮರಿ ಸುತ್ತಲಿನ ಹತ್ತನ್ನು ಕೆಡಿಸುತ್ತದೆ. ಸೊಳ್ಳೆ ಪರದೆಗೆ ಬಳಸುವ ಹತ್ತಿಯ ಜಾಳು ಬಟ್ಟೆಯನ್ನು 20ರಿಂದ 25 ಸೆಂ.ಮೀ. ಅಗಲಕ್ಕೆ ಸೀಳಿ, ಮರದ ಹಲಗೆಯ ಮೇಲೆ ಹಾಸಿ, ಮರಿಯನ್ನು ಸಮನಾಗಿ ಹರಡಿ, ನಡುವೆ ಹಗ್ಗವಿಟ್ಟು, ಎರಡೂ ಅಂಚು ಕೂಡಿಸಿ ಹತ್ತಿಯ ದಾರದಲ್ಲೇ ಹೊಲಿಯಿರಿ. ಮರಿ ಹಗ್ಗದ ಸುತ್ತಲೂ ಇರಬೇಕು, ಒಂದೇ ಬದಿಗೆ ಜಾರಬಾರದು. ಬಿಗಿ ಎಷ್ಟು? ಹಗ್ಗ ಅಲ್ಲಾಡಿಸಿದರೆ ಮರಿ ಕದಲಬಾರದು, ಬೆರಳು ಒತ್ತಿದರೆ ಸ್ವಲ್ಪ ತಗ್ಗಬೇಕು, ಅಷ್ಟು. ಮರಿ ಒಂದೆರಡು ದಿನದಲ್ಲಿ ನಾರು ಬಿಟ್ಟು ಹಗ್ಗ ಹಿಡಿಯುತ್ತದೆ, ಮುಂದಿನ ಕೆಲವು ದಿನಗಳಲ್ಲಿ ಬಟ್ಟೆ ಕೊಳೆತು ಬಿದ್ದುಹೋಗುತ್ತದೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ನೈಲಾನ್ ಪರದೆ ಹಾಕಬೇಡಿ. ಅದು ಕೊಳೆಯುವುದಿಲ್ಲ, ಮರಿ ಬಾಯಿ ತೆರೆಯಲಾರದೆ ಒಳಗೇ ಸಾಯುತ್ತದೆ.

ಮರಿ ಎಲ್ಲಿಂದ ಎನ್ನುವುದೇ ಈ ಕೃಷಿಯ ಗಂಟು. ಹ್ಯಾಚರಿಯೆಂಬ ಮರಿ ಉತ್ಪಾದನಾ ಕೇಂದ್ರದಲ್ಲಿ ಮರಿ ಮಾಡುವ ವಿದ್ಯೆ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಬಳಿ ಇದ್ದರೂ ರೈತರು ಹೆಚ್ಚಾಗಿ ಬಳಸುವುದು ಕಡಲ ಬಂಡೆಯ ಮರಿಯನ್ನೇ. ಆ ಬಂಡೆಯಲ್ಲಿ ದೊಡ್ಡ ಪಚ್ಚಿಲೆ ಮುಳುಗಿ ತೆಗೆದು ಬದುಕುವವರು ಬೇರೆ ಇದ್ದಾರೆ. ಅವರನ್ನು ಕೇಳದೆ ಉಳಿ ಹಿಡಿದು ಬಂಡೆ ಬೋಳಿಸಿದರೆ ಜಗಳ ಖಂಡಿತ, ನ್ಯಾಯವೂ ಅವರ ಕಡೆಯೇ. ಅವರಿಂದಲೇ ಮರಿ ಕೊಂಡುಕೊಳ್ಳುವ ಒಪ್ಪಂದ ಮಾಡಿಕೊಳ್ಳಿ. ದಟ್ಟವಾಗಿರುವಲ್ಲಿ ಮಾತ್ರ ಪಟ್ಟೆ ಪಟ್ಟೆಯಾಗಿ ತೆಗೆದು, ಪಕ್ಕದ ಪಟ್ಟೆಯನ್ನು ಹಾಗೇ ಬಿಡಲಿ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅಲ್ಲಿ ಉಳಿ ಆಡಿಸುವ ಯೋಚನೆಯೇ ಬೇಡ. ತಂದ ಮರಿಯನ್ನು ಒದ್ದೆ ಗೋಣಿಯಲ್ಲಿ, ನೆರಳಿನಲ್ಲಿ ತನ್ನಿ. ಬಕೆಟ್ ನೀರಲ್ಲಿ ಮುಳುಗಿಸಿ ತಂದರೆ ಉಸಿರುಕಟ್ಟಿ ಸಾಯುತ್ತದೆ. ಬೆಳಿಗ್ಗೆ ತೆಗೆದದ್ದು ಸಂಜೆಯೊಳಗೆ ಹೊಳೆಗಿಳಿಯಬೇಕು.

ಎಲ್ಲ ಸರಿಯಾಗಿ ನಡೆದರೆ ಏಪ್ರಿಲ್ ಕೊನೆಗೆ 60ರಿಂದ 80 ಮಿ.ಮೀ. ಆಗುತ್ತದೆ. ಒಳ್ಳೆಯ ಜಾಗದಲ್ಲಿ ಮೀಟರಿಗೆ ಹತ್ತು ಕಿಲೋ ದಾಟಿದ್ದೂ ಉಂಟು, ಆದರೆ ಹೊಸಬರು ಆರರಿಂದ ಎಂಟು ಕಿಲೋ ಎಂದು ಲೆಕ್ಕ ಹಿಡಿಯಲಿ. ನೂರು ಹಗ್ಗಕ್ಕೆ 600ರಿಂದ 800 ಕಿಲೋ ಚಿಪ್ಪು. ಬೇಯಿಸಿ ಬಿಡಿಸಿದ ಮಾಂಸ ಅದರ ಕಾಲುಭಾಗದ ಆಸುಪಾಸು. ಇಷ್ಟೂ ಒಂದೇ ವಾರದಲ್ಲಿ ಪೇಟೆಗೆ ಹೋದರೆ ಬೆಲೆ ಬೀಳದೆ ಇರುತ್ತದೆಯೇ? ಅದಕ್ಕೇ ಹಗ್ಗ ಇಳಿಸುವಾಗಲೇ ಹದಿನೈದು ದಿನದ ಅಂತರದಲ್ಲಿ ಎರಡು ಕಂತು ಮಾಡಿ.

ಇಳಿಸಿದ ಇಪ್ಪತ್ತು ದಿನಕ್ಕೆ ಅರ್ಧ ಹಗ್ಗ ಬೋಳಾಗಿದೆ. ಕಳ್ಳತನವೋ, ರೋಗವೋ ತಿಳಿಯುತ್ತಿಲ್ಲ.
— ಓದುಗರು, ಬೈಂದೂರು

ಹಗ್ಗವನ್ನೂ ಅದರ ಕೆಳಗಿನ ತಳವನ್ನೂ ನೋಡಿದರೆ ತಿಳಿಯುತ್ತದೆ. ಖಾಲಿ ಚಿಪ್ಪು ಒಡೆಯದೆ ಬಾಯಿ ತೆರೆದು ಹಗ್ಗದಲ್ಲೇ ತೂಗುತ್ತಿದ್ದರೆ ಮರಿ ಸತ್ತದ್ದು: ತರುವಾಗ ಬಿಸಿಲು ತಿಂದಿರಬೇಕು, ಇಲ್ಲವೇ ನವೆಂಬರಿನ ಅಕಾಲ ಮಳೆಗೆ ಉಪ್ಪು ಇಳಿದಿರಬೇಕು. ತಳದಲ್ಲಿ ಚಿಪ್ಪಿನ ಚೂರು ಚೂರು ಬಿದ್ದಿದ್ದರೆ, ಹಗ್ಗದ ಮೇಲೆ ನಾರಿನ ಗಡ್ಡ ಮಾತ್ರ ಉಳಿದಿದ್ದರೆ, ಕರಿಮೀನೋ ಏಡಿಯೋ ತಿಂದದ್ದು. ಮರಿಯ ಚಿಪ್ಪು ತೆಳುವಾಗಿರುವ ಮೊದಲ ತಿಂಗಳಲ್ಲಿ ಇದು ಹೆಚ್ಚು. ಚಪ್ಪರದ ಸುತ್ತ ಹಳೆಯ ಬಲೆ ಇಳಿಬಿಡಿ, ವಾರಕ್ಕೊಮ್ಮೆ ಅದರ ಪಾಚಿ ಕೊಡವಿ. ಪಾಚಿ ಕಟ್ಟಿದ ಬಲೆ ನೀರಿನ ಹರಿವನ್ನೇ ತಡೆಯುತ್ತದೆ. ಮರಿ ಜೀವಂತವಾಗಿ ಗೊಂಚಲು ಗೊಂಚಲಾಗಿ ತಳದಲ್ಲಿ ಬಿದ್ದಿದ್ದರೆ ಹೊಲಿಗೆ ಸಡಿಲವಾಗಿತ್ತು ಅಥವಾ ಮರಿ 30 ಮಿ.ಮೀ. ಮೀರಿತ್ತು. ಬಲಿತದ್ದು ಹೊಸ ಹಗ್ಗಕ್ಕೆ ಬೇಗ ಹೊಂದಿಕೊಳ್ಳುವುದಿಲ್ಲ. ಅವನ್ನು ಹೆಕ್ಕಿ ಮತ್ತೆ ಹೊಲಿಯಬಹುದು, ಡಿಸೆಂಬರ್ ಮುಗಿಯುವ ಮುಂಚೆ.

ಗಡ್ಡವೂ ಇಲ್ಲ, ಚೂರೂ ಇಲ್ಲ, ಹಗ್ಗವೇ ಇಲ್ಲ ಎಂದಾದರೆ ಅದು ಮನುಷ್ಯರ ಕೆಲಸ. ಹೊಳೆ ಯಾರ ಪಟ್ಟಾ ಜಾಗವೂ ಅಲ್ಲ. ಪಂಚಾಯತಿಗೂ ಮೀನುಗಾರಿಕೆ ಇಲಾಖೆಗೂ ಮೊದಲೇ ಬರೆದುಕೊಟ್ಟು ಒಪ್ಪಿಗೆ ಪಡೆದಿದ್ದರೆ ದೂರಿಗೆ ಆಧಾರ ಇರುತ್ತದೆ. ಅದಕ್ಕಿಂತ ಗಟ್ಟಿ ಉಪಾಯವೆಂದರೆ ಆ ಜಾಗದಲ್ಲಿ ಬಲೆ ಬೀಸುವ ಮನೆಗಳವರನ್ನೇ ಸಂಘಕ್ಕೆ ಸೇರಿಸಿಕೊಳ್ಳುವುದು.

ಪಟ್ಟಣದ ದೊಡ್ಡ ಹೋಟೆಲುಗಳಲ್ಲಿ ಕಲ್ವಕ್ಕೆ ಒಳ್ಳೆಯ ಬೆಲೆಯಂತೆ. ಪಚ್ಚಿಲೆ ಬಿಟ್ಟು ಅದನ್ನೇ ಬೆಳೆಸಬಹುದೇ?
— ಓದುಗರು, ಹಂಗಾರಕಟ್ಟೆ

ಬೆಳೆಸಬಹುದು, ಆದರೆ ಮೊದಲ ವರ್ಷದವರಿಗೆ ನಾವು ಹೇಳುವುದಿಲ್ಲ. ಇಡೀ ಕಲ್ವದ ತೂಕದಲ್ಲಿ ಮಾಂಸ ನೂರಕ್ಕೆ ಎಂಟು ಹತ್ತು ಪಾಲು ಮಾತ್ರ. ಮಾರುವವರು ಗೊತ್ತಾಗದೆ ಬೆಳೆಸಿದರೆ ಕಲ್ಲು ಹೊತ್ತ ಹಾಗಾಗುತ್ತದೆ. ಅನುಕೂಲವೂ ಒಂದಿದೆ: ಮರಿ ಕೊಳ್ಳಬೇಕಿಲ್ಲ. ಹಳೆಯ ಕಲ್ವದ ಚಿಪ್ಪನ್ನು ಉಜ್ಜಿ ಒಣಗಿಸಿ, ನಡುವೆ ತೂತು ಕೊರೆದು, 3 ಮಿ.ಮೀ. ನೈಲಾನ್ ದಾರದಲ್ಲಿ 15ರಿಂದ 20 ಸೆಂ.ಮೀ. ಅಂತರಕ್ಕೆ ಗಂಟು ಹಾಕುತ್ತ ಐದಾರು ಚಿಪ್ಪು ಪೋಣಿಸಿ ಚಪ್ಪರಕ್ಕೆ ತೂಗುಬಿಟ್ಟರೆ, ನೀರಿನಲ್ಲಿ ತೇಲುವ ಮರಿ ತಾನೇ ಬಂದು ಕೂರುತ್ತದೆ. ಆದರೆ ತೂಗುವ ದಿನ ತಪ್ಪಬಾರದು. ಬೇಗ ಇಳಿಸಿದರೆ ಲೋಳೆ ಪಾಚಿಯೂ ಬೇಡದ ಚಿಪ್ಪುಜೀವಿಗಳೂ ಜಾಗ ಹಿಡಿದುಬಿಡುತ್ತವೆ, ಕಲ್ವದ ಮರಿಗೆ ಎಡೆ ಉಳಿಯುವುದಿಲ್ಲ. ನವೆಂಬರ್ ಮೊದಲ ವಾರದಿಂದ ವಾರಕ್ಕೆ ಎರಡೇ ಸರ ಪರೀಕ್ಷೆಗೆ ಇಳಿಸಿ. ಚಿಪ್ಪಿನ ಒಳಮೈಯಲ್ಲಿ ಸಾಸಿವೆಯಷ್ಟು ಚಪ್ಪಟೆ ಚುಕ್ಕೆಗಳು ಕಂಡ ವಾರ ಉಳಿದದ್ದನ್ನೆಲ್ಲ ಇಳಿಸಿ. ನಿಮ್ಮಲ್ಲಿ ಸೀತಾ, ಸುವರ್ಣಾ ಎರಡೂ ಹೊಳೆಗಳ ಮಳೆನೀರು ಒಂದೇ ಅಳಿವೆಯಲ್ಲಿ ಇಳಿಯುತ್ತದೆ. ಪೂರ್ತಿ ಬೆಳೆಯಲು ಬೇಕಾದ ಏಳೆಂಟು ತಿಂಗಳು ಸಿಗುವುದು ಕಷ್ಟ.

ನಮ್ಮ ಹೊಳೆಯಲ್ಲಿ ಮರುವಾಯಿ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆ. ಹೊರದೇಶದ ಮೂಲನಿವಾಸಿಗಳು ಕಡಲಿನಲ್ಲಿ ಕಟ್ಟೆ ಕಟ್ಟಿ ಮರುವಾಯಿ ತೋಟ ಮಾಡುತ್ತಾರೆಂದು ಓದಿದೆ. ಇಲ್ಲಿಯೂ ಮಾಡಬಹುದೇ?
— ಓದುಗರು, ಗಂಗೊಳ್ಳಿ

ನೀವು ಓದಿದ್ದು ನಿಜ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಕರಾವಳಿಯ ಮೂಲನಿವಾಸಿಗಳು ಇಳಿತದ ಗೆರೆಯಲ್ಲಿ ಕಲ್ಲು ಉರುಳಿಸಿ ತಗ್ಗಾದ ಗೋಡೆ ಕಟ್ಟುತ್ತಿದ್ದರು. ಅದರ ಹಿಂದೆ ಮರಳು ತುಂಬಿ ಕಡಿದಾದ ದಡ ಮಟ್ಟಸವಾಗುತ್ತದೆ, ಮರುವಾಯಿಗೆ ಬೇಕಾದ ಎತ್ತರದ ನೆಲ ಹೆಚ್ಚುತ್ತದೆ. ಕ್ವಾಡ್ರಾ ದ್ವೀಪದ ಅಂಥ ಕೆಲವು ಗೋಡೆಗಳಿಗೆ 3,500 ವರ್ಷ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ವಿನೋಮಿಶ್ ಜನ 2022ರಲ್ಲಿ ಹೊಸದಾಗಿಯೇ ಒಂದು ಕಟ್ಟಿದರು.

ಆ ಗೋಡೆಯನ್ನು ಇಲ್ಲಿಗೆ ತರಬೇಡಿ. ಅಲ್ಲಿ ಉಬ್ಬರ ಇಳಿತದ ಅಂತರ ನಾಲ್ಕು ಮೀಟರಿನಷ್ಟು; ನಮ್ಮಲ್ಲಿ ದೊಡ್ಡ ಉಬ್ಬರಕ್ಕೂ ಒಂದೂವರೆ ಮೀಟರ್ ದಾಟುವುದು ಅಪರೂಪ. ಪಂಚಗಂಗಾವಳಿಯಂಥ ಹೊಳೆಯಲ್ಲಿ ಕಲ್ಲಿನ ಕಟ್ಟೆ ಹಾಕಿದರೆ ಹೂಳು ನಿಲ್ಲುತ್ತದೆ, ದೋಣಿ ಸಿಕ್ಕಿಬೀಳುತ್ತದೆ, ಮೊದಲ ನೆರೆಗೆ ಕಲ್ಲು ಎಲ್ಲಿಗೋ ಹೋಗಿರುತ್ತದೆ. ನೋಡಿ ಕಲಿಯಬೇಕಾದದ್ದು ಬೇರೆ: ಅಲ್ಲಿ ಒಂದೊಂದು ದಡವನ್ನು ಒಂದೊಂದು ಮನೆತನ ನೋಡಿಕೊಳ್ಳುತ್ತಿತ್ತು, ಅಗೆಯುವಾಗ ಸಣ್ಣದನ್ನು ಅಲ್ಲೇ ಬಿಡುತ್ತಿತ್ತು.

ಹತ್ತಿರದ ಉದಾಹರಣೆ ಕೊಲ್ಲಂನ ಅಷ್ಟಮುಡಿ ಹಿನ್ನೀರು. ಅಲ್ಲಿ ಮರುವಾಯಿ ತೆಗೆಯುವವರು ಡಿಸೆಂಬರಿನಿಂದ ಫೆಬ್ರುವರಿವರೆಗೆ, ಮರಿ ಕಟ್ಟುವ ಕಾಲವೆಂದು, ಕೆಲಸ ನಿಲ್ಲಿಸುತ್ತಾರೆ. ಬಲೆಯ ಕಣ್ಣು 30 ಮಿ.ಮೀ.ಗಿಂತ ಸಣ್ಣದಿರಬಾರದು. ಈ ಶಿಸ್ತಿನಿಂದಾಗಿ 2014ರಲ್ಲಿ ಸುಸ್ಥಿರ ಮೀನುಗಾರಿಕೆಯೆಂಬ ಎಂಎಸ್‌ಸಿ (ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ) ಮನ್ನಣೆ ಅದಕ್ಕೆ ಸಿಕ್ಕಿತು; ಭಾರತದಲ್ಲಿ ಅದು ಮೊದಲನೆಯದು.

ನೀವು ಮಾಡಬಹುದಾದದ್ದು: ತೆಗೆದದ್ದನ್ನು ದೋಣಿಯಲ್ಲೇ ಜರಡಿ ಹಿಡಿದು, 20 ಮಿ.ಮೀ.ಗಿಂತ ಸಣ್ಣದನ್ನು ತೆಗೆದ ಜಾಗಕ್ಕೇ ಸುರಿಯಿರಿ. ದಡಕ್ಕೆ ಬಂದ ಮೇಲೆ ಆರಿಸಿದರೆ ಅವು ಹೊಳೆಗೆ ಮರಳುವುದಿಲ್ಲ, ಸುಣ್ಣದ ಗೂಡಿಗೆ ಹೋಗುತ್ತವೆ. ಮರಿ ಒತ್ತೊತ್ತಾಗಿ ಬಿದ್ದಿರುವ ಕಡೆಯಿಂದ ಕಿರುಬೆರಳ ಉಗುರಿನಷ್ಟಿರುವುದನ್ನು ತೆಳುವಾದ ಕಡೆಗೆ ಬಿತ್ತಬಹುದು. ಕಾಲಿಟ್ಟರೆ ಹಿಮ್ಮಡಿಯಷ್ಟೇ ಹೂಳುವ ಮರಳುಗೆಸರು ಬೇಕು. ಮೊಣಕಾಲು ಹೂಳುವ ಕೆಸರಿನಲ್ಲಿ ಉಸಿರುಕಟ್ಟುತ್ತದೆ. ಉಬ್ಬರ ನಿಂತಿರುವಾಗ ಬಿತ್ತಿ, ಹರಿವಿರುವಾಗ ಬಿತ್ತಿದರೆ ಒಂದೇ ಮೂಲೆಯಲ್ಲಿ ರಾಶಿಯಾಗುತ್ತದೆ. ಚಿಪ್ಪಿಗೆ ಚಿಪ್ಪು ತಾಗದಷ್ಟು ತೆಳುವಾಗಿರಲಿ. ಒಂದೂರಿನವರು ಜರಡಿ ಹಿಡಿದು ಎದುರು ದಡದವರು ಹಿಡಿಯದಿದ್ದರೆ ಲಾಭ ಎದುರು ದಡಕ್ಕೇ. ಹಾಗಾಗಿ ಮೊದಲು ಎರಡೂ ದಡದವರು ಒಟ್ಟಿಗೆ ಕೂತು ಮಾತಾಡಬೇಕು.

ಬೇಯಿಸಿ ತಿಂದರೂ ಮರುವಾಯಿಯಲ್ಲಿ ವಿಷ ಇರುತ್ತದೆಯೇ? ಮಾರುವ ಮುನ್ನ ಶುದ್ಧ ಮಾಡುವುದು ಹೇಗೆ?
— ಓದುಗರು, ಉಳ್ಳಾಲ

ಎರಡು ಅಪಾಯಗಳಿವೆ, ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಮೊದಲನೆಯದು ಚರಂಡಿ ನೀರಿನ ರೋಗಾಣು. ಚಿಪ್ಪುಜೀವಿಗಳು ನೀರನ್ನು ಸೋಸಿ ತಿನ್ನುವುದರಿಂದ ನೀರಿನಲ್ಲಿದ್ದದ್ದೆಲ್ಲ ಒಳಗೆ ಸೇರುತ್ತದೆ. ಸ್ವಚ್ಛ ಕಡಲ ನೀರಿನ ತೊಟ್ಟಿಯಲ್ಲಿ ಕನಿಷ್ಠ 24 ಗಂಟೆ ಇಟ್ಟರೆ ಹೊಟ್ಟೆ ಖಾಲಿ ಮಾಡಿಕೊಳ್ಳುತ್ತವೆ, ಮರಳೂ ಹೋಗುತ್ತದೆ. ತೊಟ್ಟಿಯ ತಳಕ್ಕೆ ಸುರಿಯಬೇಡಿ. ತಳದಿಂದ ಒಂದು ಗೇಣು ಮೇಲೆ ಪ್ಲಾಸ್ಟಿಕ್ ಕ್ರೇಟಿನಲ್ಲಿ ಎರಡು ಪದರಕ್ಕಿಂತ ಹೆಚ್ಚಿಲ್ಲದಂತೆ ಇಡಿ, ಇಲ್ಲವಾದರೆ ಬಿಟ್ಟ ಹೊಲಸನ್ನೇ ಮತ್ತೆ ಸೋಸುತ್ತವೆ. ನೀರಿಗೆ ಗಾಳಿ ಹಾಯಿಸಿ, 12 ಗಂಟೆಗೊಮ್ಮೆ ನೀರು ಬದಲಿಸಿ. ಸಿಹಿನೀರಲ್ಲಿ ನೆನೆಸಿಟ್ಟರೆ ಚಿಪ್ಪು ಮುಚ್ಚಿಕೊಂಡು ಏನನ್ನೂ ಬಿಡುವುದಿಲ್ಲ. ಮನೆಗಳಲ್ಲಿ ಆಗುವ ತಪ್ಪು ಇದೇ.

ಎರಡನೆಯದು ಪಾಚಿಯ ವಿಷ. ನೀರಿನಲ್ಲಿ ಕೆಲವು ಜಾತಿಯ ಸೂಕ್ಷ್ಮ ಪಾಚಿ ಹೆಚ್ಚಿದಾಗ ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ಚಿಪ್ಪಿನ ಮಾಂಸದಲ್ಲಿ ಸೇರುತ್ತದೆ. ಬೇಯಿಸಿದರೆ ಹೋಗುವುದಿಲ್ಲ, ಒಂದು ದಿನ ತೊಟ್ಟಿಯಲ್ಲಿಟ್ಟರೂ ಹೋಗುವುದಿಲ್ಲ. 1983ರಲ್ಲಿ ಮಂಗಳೂರಿನ ಆಸುಪಾಸಿನಲ್ಲೇ ಇದರ ಪ್ರಕರಣಗಳು ವರದಿಯಾಗಿದ್ದವು. 1997ರ ಸೆಪ್ಟೆಂಬರಿನಲ್ಲಿ ಕೇರಳದ ವಿಳಿಂಞಂನಲ್ಲಿ ಪಚ್ಚಿಲೆಯ ಹತ್ತಿರದ ಜಾತಿಯೊಂದನ್ನು ತಿಂದು ಏಳು ಮಂದಿ ತೀರಿಕೊಂಡರು. ಒಂದು ಕಿಲೋ ಮಾಂಸದಲ್ಲಿ 0.8 ಮಿಲಿಗ್ರಾಂ ಮೀರಿದರೆ ತಿನ್ನಬಾರದು ಎಂಬುದು ಅಂತರರಾಷ್ಟ್ರೀಯ ಮಿತಿ. ಕಣ್ಣಿಗೆ, ಮೂಗಿಗೆ ಗೊತ್ತಾಗುವುದಿಲ್ಲ, ಪ್ರಯೋಗಾಲಯವೇ ಬೇಕು. ನೀರು ಕೆಂಪೋ ಹಸಿರೋ ಆಗಿ ಬಣ್ಣ ತಿರುಗಿದ್ದರೆ, ಮೀನು ಸತ್ತು ತೇಲುತ್ತಿದ್ದರೆ ಕೊಯ್ಲು ನಿಲ್ಲಿಸಿ, ಮಾದರಿಯನ್ನು ಮಂಗಳೂರಿನ ಮೀನುಗಾರಿಕೆ ಕಾಲೇಜಿನವರಿಗೆ ತೋರಿಸಿ. ತಿಂದ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ತುಟಿ, ನಾಲಿಗೆ, ಬೆರಳ ತುದಿ ಜುಮ್ಮೆಂದರೆ ಮನೆಮದ್ದು ಮಾಡುತ್ತ ಕೂರಬೇಡಿ. ಇದಕ್ಕೆ ಪ್ರತಿವಿಷ ಇಲ್ಲ. ಉಸಿರಾಟಕ್ಕೆ ಯಂತ್ರದ ಆಸರೆ ಕೊಟ್ಟು ಬದುಕಿಸುವ ದೊಡ್ಡ ಆಸ್ಪತ್ರೆಗೇ ನೇರ ಹೋಗಬೇಕು.

ಮಾಂಸ ಬಿಡಿಸಿದ ಮೇಲೆ ಉಳಿಯುವ ಚಿಪ್ಪಿನ ರಾಶಿ ಏನು ಮಾಡುವುದು?
— ಓದುಗರು, ಉದ್ಯಾವರ

ಮರುವಾಯಿ ಚಿಪ್ಪಿಗೆ ಸುಣ್ಣ ಸುಡುವವರಿದ್ದಾರೆ. ಕಲ್ವದ ಚಿಪ್ಪನ್ನು ಎರಡು ಮೂರು ತಿಂಗಳು ಬಿಸಿಲಿಗೆ ಹಾಕಿ, ಮುಂದಿನ ವರ್ಷದ ಸರಕ್ಕೆ ಇಟ್ಟುಕೊಳ್ಳಿ. ಪಚ್ಚಿಲೆಯದ್ದು ತೆಳು, ತೂತು ಕೊರೆದರೆ ಸೀಳುತ್ತದೆ; ಪುಡಿ ಮಾಡಿದರೆ ಕೋಳಿ ಸಾಕುವವರು ಒಯ್ಯುತ್ತಾರೆ, ತೆಂಗಿನ ಬುಡಕ್ಕೂ ಹಾಕಬಹುದು. ದೋಣಿ ಕಟ್ಟುವ ದಕ್ಕೆಯ ಬಳಿ ಮಾತ್ರ ಸುರಿಯಬೇಡಿ, ಬರಿಗಾಲಲ್ಲಿ ನೀರಿಗಿಳಿಯುವವರ ಪಾದ ಸೀಳುತ್ತದೆ.